ಎರಡೂವರೆ ಮೆಟ್ಟಿಲು

ಡ್ರಾಯಿಂಗ್ ಮೇಷ್ಟ್ರ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಬ್ಬೊಬ್ಬರಾಗಿ ನನ್ನ ಮನೆಗೆ ಬರುತ್ತಾರೆ. ಯಾವ ಬಣ್ಣ ಕೊಳ್ಳಬೇಕು, ಬೇಡದ ಊರಿನ ವರ್ಗಾವಣೆಯಿಂದ ಹೇಗೆ ತಪ್ಪಿಸಿಕೊಳ್ಳಬೇಕು, ಹೆಡ್‌ಮಾಸ್ತರನ್ನು ಹೇಗೆ ಒಲಿಸಿಕೊಳ್ಳಬೇಕು ಎಂದು ಕೇಳುತ್ತಾರೆ. ಇವಕ್ಕೆಲ್ಲ ನನ್ನಲ್ಲಿ ಉತ್ತರ ಇದೆ, ಕೊಡುತ್ತೇನೆ. ಅವರು ಯಾರೂ ಕೇಳದ ಒಂದು ಮಾತನ್ನು ಮಾತ್ರ ನಾನೇ ಹೇಳಿ ಕಳಿಸುತ್ತೇನೆ: ಮಗುವಿನ ಚಿತ್ರಕ್ಕೆ ಅಂಕ ಹಾಕುವ ಮುಂಚೆ ಚಿತ್ರವನ್ನು ನೋಡಿ.

ಇದೂ ಒಂದು ಹೇಳುವ ಮಾತೇ ಎಂದು ನಗುತ್ತಾರೆ. ನಗಲಿ. ನಾನು ನೋಡದೆ ಅಂಕ ಹಾಕಿದವನು. ಅದು ನನಗೆ ಗೊತ್ತಾದದ್ದು ಹೊಸನಗರದ ಒಂದು ಮನೆಯ ಜಗಲಿಯಲ್ಲಿ, ಹತ್ತು ಜನರ ಎದುರು. ಆವತ್ತು ಆದ ಆಘಾತದಿಂದ ನಾನು ಪೂರ್ತಿ ಹೊರಗೆ ಬಂದಿದ್ದೇನೆ ಎಂದು ಈಗಲೂ ಹೇಳಲಾರೆ.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ನಾನು ಸಿದ್ದಿ. ಯಲ್ಲಾಪುರದ ಕಾಡಂಚಿನ ಕೇರಿಯಲ್ಲಿ ಹುಟ್ಟಿದವನು. ಎಷ್ಟೋ ತಲೆಮಾರಿನ ಹಿಂದೆ ನಮ್ಮವರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದರಂತೆ. ಆ ಊರು ನನಗೆ ಗೊತ್ತಿಲ್ಲ, ಆ ಭಾಷೆಯೂ ಗೊತ್ತಿಲ್ಲ. ಅಲ್ಲಿಂದ ನನಗೆ ಉಳಿದು ಬಂದದ್ದು ಗುಂಗುರು ಕೂದಲು ಮತ್ತು ಕಡುಕಪ್ಪು ಮೈ. ಅಪ್ಪ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ. ದಿಮ್ಮಿಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವುದೇ ನಾನು ಹಿಡಿದ ಮೊದಲ ಕುಂಚದ ಕೆಲಸ. ಡಿಪೋದ ಗುಮಾಸ್ತರ ಅಕ್ಷರ ಕೋಳಿ ಕೆದರಿದ ಹಾಗೆ ಇತ್ತು. ನಾನು ಅವರ ಹತ್ತಿರ ಚೌಕಾಸಿ ಮಾಡಿದೆ: ನಿಮ್ಮ ನಂಬರುಗಳನ್ನೆಲ್ಲ ನಾನು ಬರೆಯುತ್ತೇನೆ, ನೀವು ನನ್ನನ್ನು ಧಾರವಾಡದ ಡ್ರಾಯಿಂಗ್ ಪರೀಕ್ಷೆಗೆ ಕೂರಿಸಬೇಕು. ಅವರು ಒಪ್ಪಿದರು. ಹಾಗೆ ಧಾರವಾಡದಲ್ಲಿ ಕಲಿತು ಎರಡು ಪರೀಕ್ಷೆ ಪಾಸಾದೆ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಹೊಸನಗರದ ಒಂದು ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾಗಿ ಬಂದೆ.

ಬಂದ ದಿನ ನನ್ನ ಟ್ರಂಕನ್ನು ನಾನೇ ತಲೆಯ ಮೇಲೆ ಹೊತ್ತು ಬಸ್‌ ಸ್ಟ್ಯಾಂಡಿನಿಂದ ಶಾಲೆಗೆ ನಡೆದೆ. ಹೆಡ್‌ಮಾಸ್ತರು ಬಾಗಿಲಲ್ಲೇ ನಿಂತಿದ್ದರು.

"ಪೆಟ್ಟಿಗೆ ಅಲ್ಲಿ ಮೂಲೆಗಿಡು. ಎಲ್ಲಿ ಮಾರಾಯ, ನಮ್ಮ ಹೊಸ ಮೇಷ್ಟ್ರು? ಹೋಟ್ಲಿಗೆ ಹೋದ್ರಾ?"

ನಾನು ಟ್ರಂಕ್ ಇಳಿಸಿ, ಕಿಸೆಯಿಂದ ನೇಮಕದ ಕಾಗದ ತೆಗೆದು ಕೊಟ್ಟೆ. ಅವರು ಓದಿದರು, ನನ್ನನ್ನು ನೋಡಿದರು, ಮತ್ತೆ ಓದಿದರು. ಕಿವಿ ಕೆಂಪಾಯಿತು. "ಅಯ್ಯೋ, ಕೂತ್ಕೊಳಿ, ಕೂತ್ಕೊಳಿ" ಎಂದು ತಮ್ಮ ಕುರ್ಚಿಯನ್ನೇ ಎಳೆದರು. ನನಗೂ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನಾಚಿಕೊಂಡ ಮನುಷ್ಯ ಕೈ ಬಿಚ್ಚುತ್ತಾನೆ ಎಂದು ಡಿಪೋದಲ್ಲೇ ಕಲಿತಿದ್ದೆ. ದಿನವಿಡೀ ಒಂದೇ ಸಮ ಬೆಳಕು ಬರುವ ಹಾಗೆ ಬಡಗು ದಿಕ್ಕಿಗೆ ಕಿಟಕಿ ಇರುವ ಕೋಣೆ ಡ್ರಾಯಿಂಗಿಗೆ ಬೇಕು ಎಂದು ಆಗಲೇ ಕೇಳಿದೆ. ಅದು ವಿಜ್ಞಾನದವರ ಕೋಣೆಯಾಗಿತ್ತು. ಸಂಜೆಯೊಳಗೆ ನನಗೆ ಸಿಕ್ಕಿತು. ನೀವೂ ಕೇಳುವುದನ್ನು ಮೊದಲ ದಿನವೇ ಕೇಳಿಬಿಡಿ. ಆಮೇಲೆ ನಿಮ್ಮ ಮುಖ ಅವರಿಗೆ ಅಭ್ಯಾಸವಾಗುತ್ತದೆ, ಏನೂ ಹುಟ್ಟುವುದಿಲ್ಲ.

ಆ ಕೋಣೆಯಲ್ಲಿ ಮೂರು ವರ್ಷ ಪಾಠ ಹೇಳಿದೆ. ಧಾರವಾಡದಲ್ಲಿ ನನಗೆ ಹೇಗೆ ಕಲಿಸಿದ್ದರೋ ಹಾಗೆಯೇ ಕಲಿಸಿದೆ. ಮನುಷ್ಯರ ಮುಖಕ್ಕೆ ಹಚ್ಚುವ ಬಣ್ಣಕ್ಕೆ ಮೈಬಣ್ಣ ಎಂದು ಹೆಸರು. ಬಿಳಿ ಮೂರು ಪಾಲು, ಹಳದಿ ಒಂದು ಪಾಲು, ಕೆಂಪು ಚಿಟಿಕೆ. ಇದನ್ನು ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಂದ ಮಗ್ಗಿಯ ಹಾಗೆ ಹೇಳಿಸುತ್ತಿದ್ದೆ. ರಾಜನಿಗೆ ಮೈಬಣ್ಣ, ರೈತನಿಗೆ ಮೈಬಣ್ಣ, ನೀರು ತರುವ ಹೆಂಗಸಿಗೆ ಮೈಬಣ್ಣ. ಕಪ್ಪು ರಾಕ್ಷಸರಿಗೆ. ಇನ್‌ಸ್ಪೆಕ್ಟರು ಬಂದಾಗ ಇಡೀ ತರಗತಿ ಒಂದೇ ಬಣ್ಣದ ಮುಖಗಳನ್ನು ಎತ್ತಿ ಹಿಡಿಯಿತು. ಅವರು ಖುಷಿಪಟ್ಟು ಪುಸ್ತಕದಲ್ಲಿ ನಾಲ್ಕು ಒಳ್ಳೆಯ ಮಾತು ಬರೆದು ಹೋದರು.

ಆ ತರಗತಿಯಲ್ಲಿ ಕೈ ಚೆನ್ನಾಗಿದ್ದವಳು ಸುನಂದಾ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಜೈನರಾದ ಪದ್ಮರಾಜಯ್ಯನವರ ಒಬ್ಬಳೇ ಮಗಳು. ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ವರ್ಷದ ಪರೀಕ್ಷೆಯಲ್ಲಿ ಇಷ್ಟವಾದವರೊಬ್ಬರ ಮುಖ ಬಿಡಿಸಿ ಎಂದು ಕೊಟ್ಟಿದ್ದೆ. ಆ ಕಟ್ಟನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ತಿದ್ದಿ ಮುಗಿಸಿ ಬಸ್ಸು ಹಿಡಿದದ್ದು ನೆನಪಿದೆ. ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ.

ಮುಂದೆ ನನಗೆ ಸಾಗರಕ್ಕೆ ವರ್ಗವಾಯಿತು. ಸಾಗರದಲ್ಲಿ ವಾಸುದೇವ ಶೇಟರು ಎಂಬವರು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಆಗ ಬಣ್ಣದ ಫೋಟೋ ನಮ್ಮ ಕಡೆಗೆ ಬಂದಿರಲಿಲ್ಲ. ಕಪ್ಪು ಬಿಳುಪಿನ ಫೋಟೋದ ಮೇಲೆ ಕೈಯಲ್ಲಿ ಬಣ್ಣ ಹಾಕಬೇಕು. ಬಣ್ಣ ಹಚ್ಚಿದ ಹಾಳೆಗಳ ಒಂದು ಪುಟ್ಟ ಪುಸ್ತಕ ಬರುತ್ತಿತ್ತು. ಹಾಳೆಯ ಚೂರು ಹರಿದು ನೀರಿನಲ್ಲಿ ಕರಗಿಸಿ, ಕಡ್ಡಿಗೆ ಹತ್ತಿ ಸುತ್ತಿ, ಫೋಟೋದ ಮೇಲೆ ಮೆಲ್ಲಗೆ ಸವರುವುದು. ಶಾಲೆ ಬಿಟ್ಟ ಮೇಲೆ ನಾನು ಶೇಟರಲ್ಲಿ ಈ ಕೆಲಸ ಮಾಡುತ್ತಿದ್ದೆ.

ಬಂದ ಗಿರಾಕಿಗಳಲ್ಲಿ ಹೆಚ್ಚಿನವರು ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಅಪ್ಪಂದಿರು. ಹುಡುಗಿ ಕಪ್ಪಗಿದ್ದರೆ ಫೋಟೋದಲ್ಲಿ ಮುಖ ಕಪ್ಪಗೇ ಬರುತ್ತದೆ, ಅದರ ಮೇಲೆ ಯಾವ ಬಣ್ಣವೂ ಹಿಡಿಯುವುದಿಲ್ಲ. ಅದಕ್ಕೆ ಶೇಟರು ಕತ್ತಲೆ ಕೋಣೆಯಲ್ಲಿ ಪ್ರಿಂಟನ್ನೇ ತೆಳ್ಳಗೆ, ಕಪ್ಪು ಕಡಿಮೆಯಾಗುವಂತೆ, ತೆಗೆಯುತ್ತಿದ್ದರು. ಇದಕ್ಕೆ ನಮ್ಮ ಸ್ಟುಡಿಯೋದ ಮಾತು ಮೆಟ್ಟಿಲು. ಒಂದು ಮೆಟ್ಟಿಲು ಏರಿಸಿದರೆ ಗೋಧಿ ಬಣ್ಣ. ಎರಡು ಏರಿಸಿದರೆ ಬೆಳ್ಳಗೆ. ಮೂರಕ್ಕೆ ಹುಬ್ಬು ಮೂಗು ಮಾಯವಾಗುತ್ತವೆ, ಅವನ್ನು ನಾನು ಕುಂಚದಲ್ಲಿ ಮತ್ತೆ ಬರೆಯಬೇಕು.

ಎಷ್ಟು ಮೆಟ್ಟಿಲು ಎಂಬ ಚೌಕಾಸಿ ನನ್ನ ಪಾಲಿಗೆ. ಶೇಟರಿಗೆ ಮಾತು ಬಾರದು. ನನಗೆ ಅದರಲ್ಲಿ ಹೆಮ್ಮೆ ಇತ್ತು, ಈಗ ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ಕಡುಕಪ್ಪಿನವನು ನಾನು, ಕುರ್ಚಿಯ ತುದಿಯಲ್ಲಿ ಕುಳಿತು, ಬಂದವರ ಮಗಳನ್ನು ಎಷ್ಟು ಬೆಳ್ಳಗೆ ಮಾಡಬಹುದು ಎಂದು ವ್ಯಾಪಾರ ಕುದುರಿಸುತ್ತಿದ್ದೆ. ಇದರಲ್ಲಿ ವಿಚಿತ್ರವಾದದ್ದೇನಾದರೂ ಇದೆ ಎಂದು ನನಗಾಗಲಿ, ಅವರಿಗಾಗಲಿ, ಶೇಟರಿಗಾಗಲಿ ಒಂದು ದಿನವೂ ಹೊಳೆಯಲಿಲ್ಲ.

ಒಂದು ದಿನ ಪದ್ಮರಾಜಯ್ಯನವರು ಸುನಂದಾಳನ್ನು ಕರೆದುಕೊಂಡು ಬಂದರು. ಅವಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯ ಒಂದು ಮನೆಯಿಂದ ಫೋಟೋ ಕೇಳಿದ್ದರು.

"ಮೇಷ್ಟ್ರೆ, ನೀವಿದ್ದದ್ದು ಪುಣ್ಯ" ಎಂದರು ಪದ್ಮರಾಜಯ್ಯ. "ಮೂರು ಮೆಟ್ಟಿಲು ಏರ್ಸಿಬಿಡಿ ಮಾರಾಯ್ರೆ."

"ಮೂರು ಏರ್ಸಿದ್ರೆ ಮೂಗೇ ಕಾಣಲ್ಲ. ಎರಡು ಸಾಕು."

"ಮೂಗನ್ನ ಮನೆಗೆ ಬಂದಾಗ ನೋಡ್ಕೊಳ್ತಾರೆ. ಫೋಟೋದಲ್ಲಿ ಬಣ್ಣ ಇರ್ಲಿ."

"ಎರಡು, ಪದ್ಮರಾಜಯ್ಯನೋರೆ. ಬೇಕಾದ್ರೆ ತುಟಿ ಒಂಚೂರು ಕೆಂಪು ಮಾಡ್ತೀನಿ."

"ನಿಮ್ಮ ಶಿಷ್ಯೆ ಅಲ್ವಾ? ಶಿಷ್ಯೆಗೂ ಚೌಕಾಸಿಯಾ?"

ಎರಡೂವರೆಗೆ ಒಪ್ಪಂದವಾಯಿತು. ಇಬ್ಬರೂ ಗೆದ್ದವರ ಹಾಗೆ ನಕ್ಕೆವು. ಸುನಂದಾ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು. ಅವಳನ್ನು ನಾವು ಕೇಳಲಿಲ್ಲ. ಆ ಫೋಟೋ ನನ್ನ ಕೈಯಿಂದ ಹೊರಬಿದ್ದ ಅತ್ಯುತ್ತಮ ಕೆಲಸ ಎಂದು ಶೇಟರು ಅದರ ಒಂದು ಪ್ರತಿಯನ್ನು ಸ್ಟುಡಿಯೋದ ಮುಂಬದಿಯ ಗಾಜಿನ ಹಿಂದೆ ಇಟ್ಟರು.

ಮೇಳಿಗೆಯವರು ಮೆಚ್ಚಿದರು. ಹೆಣ್ಣು ನೋಡಲು ಒಂದು ಭಾನುವಾರ ಬರುತ್ತೇವೆ ಎಂದು ಹೇಳಿ ಕಳಿಸಿದರು. ಹೆಣ್ಣಿನ ಕೈಕೆಲಸವನ್ನೂ ಬಂದವರ ಮುಂದೆ ಇಡುವುದು ಆಗಿನ ರೂಢಿ. ಬೇರೆಯವರು ಕಸೂತಿ ಇಡುತ್ತಿದ್ದರು, ಪದ್ಮರಾಜಯ್ಯನವರು ಮಗಳ ಚಿತ್ರಗಳನ್ನು ಇಡುತ್ತೇನೆ ಎಂದರು. ಅವು ಅವಳೇ ಬಿಡಿಸಿದ್ದು ಎಂದು ಹೇಳುವುದಕ್ಕೆ ನಾನು ಬರಬೇಕಂತೆ. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹೋದೆ.

ಬಂದವರು ಮೂವರು: ಹುಡುಗ, ಅವನ ಚಿಕ್ಕಮ್ಮ, ಅವನ ಸೋದರಮಾವ. ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ಹಾಗಾಗಿ ಮಧ್ಯಾಹ್ನವೇ ಬಂದಿದ್ದರು. ಜಗಲಿಯಲ್ಲಿ ಅಕ್ಕಪಕ್ಕದವರೂ ಸೇರಿದ್ದರು. ಚಿಕ್ಕಮ್ಮ ಒಳ್ಳೆಯ ಮಾತಿನ ಮಲ್ಲಿ. ಸುನಂದಾಳ ಶಾಲೆಯ ಚಿತ್ರಗಳ ಕಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಒಂದೊಂದೇ ತಿರುವಿದರು.

"ಅಯ್ಯಮ್ಮ, ಇದ್ಯಾರು? ಸೇಬುಹಣ್ಣಿನ ಹಾಗೆ ಇದ್ದಾರಲ್ಲ! ಯಾರಾದ್ರೂ ಬಿಳಿ ದೊರೆಗಳಾ?"

ಕೆಳಗೆ ಬರೆದಿದ್ದನ್ನು ಅವರೇ ಓದಿದರು. "ನಮ್ಮ... ಡ್ರಾಯಿಂಗ್... ಮೇಷ್ಟ್ರು." ಓದಿ ತಲೆ ಎತ್ತಿದರು. ಎದುರಿಗೆ ನಾನು ಕೂತಿದ್ದೆ. ಅವರ ಕಣ್ಣು ಕಾಗದಕ್ಕೆ ಹೋಯಿತು, ನನ್ನ ಮೇಲೆ ಬಂತು, ಮತ್ತೆ ಕಾಗದಕ್ಕೆ ಹೋಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಿಲ್ಲ. ಕಾಗದ ಕೈಯಿಂದ ಕೈಗೆ ಹೋಯಿತು, ಇಡೀ ಜಗಲಿ ನಕ್ಕಿತು. ತಲೆ ತಗ್ಗಿಸಿ ಕೂತಿದ್ದ ಹುಡುಗನೂ ನಕ್ಕ. ನಾನೂ ನಗುತ್ತಲೇ ಕೈ ಚಾಚಿದೆ.

ನನ್ನದೇ ಮುಖ. ನನ್ನ ಗುಂಗುರು ಕೂದಲು, ನನ್ನ ದಪ್ಪ ತುಟಿ, ಕೋಟಿನ ಮೇಲಿನ ಗುಂಡಿ ಕಿತ್ತುಹೋದದ್ದು ಕೂಡ ಬಿಟ್ಟಿರಲಿಲ್ಲ. ಅಷ್ಟೂ ನಾನೇ. ಆದರೆ ಮುಖದ ತುಂಬ ಬಿಳಿ ಮೂರು ಪಾಲು, ಹಳದಿ ಒಂದು, ಕೆಂಪು ಚಿಟಿಕೆ. ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಎಂಬತ್ತು ಅಂಕ. ಅದರ ಕೆಳಗೆ ನನ್ನ ಅಕ್ಷರದಲ್ಲಿ ಒಂದು ಸಾಲು: ಮೈಬಣ್ಣ ಚೆನ್ನಾಗಿ ಬಂದಿದೆ.

ನನ್ನ ನಗು ಅಲ್ಲಿಗೇ ನಿಂತಿತು. ನನ್ನ ಮುಖವನ್ನು ನಾನೇ ತಿದ್ದಿದ್ದೆ, ನಾನೇ ಅಂಕ ಕೊಟ್ಟಿದ್ದೆ. ಅದು ನನ್ನ ಬಣ್ಣವಲ್ಲ ಎಂದು ನನಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಸುನಂದಾ ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಎಲ್ಲರಿಗೂ ಕೊಟ್ಟಳು. ಸೋದರಮಾವ ಲೋಟ ತೆಗೆದುಕೊಂಡು, ಒಳ್ಳೆಯ ಪ್ರೀತಿಯಿಂದಲೇ ಕೇಳಿದರು.

"ನೀನು ತಂಗಿ ಅಲ್ವಾ ಮಗ? ಹೋಗಿ ಅಕ್ಕನ್ನ ಕಳ್ಸು. ನಮಗೆ ಹೊತ್ತು ಮುಳುಗೋದ್ರೊಳಗೆ ಹೊರಡ್ಬೇಕು."

ಸುನಂದಾಳ ಕೈಯಲ್ಲಿ ತಟ್ಟೆ ಹಾಗೇ ಇತ್ತು. ಪದ್ಮರಾಜಯ್ಯನವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. "ಇವಳೇ... ಇವಳೊಬ್ಬಳೇ ನಮಗೆ" ಎಂದರು.

ಸೋದರಮಾವ ಕಿಸೆಯಿಂದ ಫೋಟೋ ತೆಗೆದರು. ಅದನ್ನು ಸುನಂದಾಳ ಮುಖದ ಪಕ್ಕಕ್ಕೆ ಹಿಡಿದರು. ಸಂತೆಯಲ್ಲಿ ಮಾದರಿ ಕಾಳಿನ ಪಕ್ಕ ಮೂಟೆಯ ಕಾಳು ಹಿಡಿಯುತ್ತಾರಲ್ಲ, ಹಾಗೆ. "ನಮ್ಮನ್ನ ಎಂಥ ಅಂದ್ಕೊಂಡ್ರಿ ನೀವು?" ಎಂದರು. ಕುಡಿಯದ ಲೋಟ ಕೆಳಗಿಟ್ಟರು. ಮೂವರೂ ಎದ್ದು ಹೋದರು. ಹುಡುಗ ಮಾತ್ರ ಮೆಟ್ಟಿಲಿಳಿಯುವಾಗ ಒಮ್ಮೆ ತಿರುಗಿ ನೋಡಿದ.

ಅಕ್ಕಪಕ್ಕದವರು ಮೆಲ್ಲಗೆ ಜಾರಿಕೊಂಡ ಮೇಲೆ ಪದ್ಮರಾಜಯ್ಯನವರು ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಅಪ್ಪ, ಮೂರು ಕೇಳ್ತೀನಿ, ಆರು ಕೇಳ್ತೀನಿ. ನೀವು ಮೇಷ್ಟ್ರು. ನೀವು ಕೊಡಬಾರದಿತ್ತು."

ಹೊರಡಲು ಎದ್ದೆ. ಸುನಂದಾ ನೆಲದ ಮೇಲೆ ಬಿದ್ದಿದ್ದ ಚಿತ್ರಗಳನ್ನು ಕೂಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

"ಸಾರ್, ಮೂರು ವರ್ಷ ನಿಮ್ಮೆದುರಿಗೇ ಕೂತಿದ್ದೆ. ನನ್ನ ಬಣ್ಣ ಯಾವುದು ಹೇಳಿ?"

ನನಗೆ ಗೊತ್ತಿರಲಿಲ್ಲ. ಕಪ್ಪು ಎನ್ನಬಹುದಿತ್ತು. ಆದರೆ ಅವಳು ಕೇಳಿದ್ದು ಅದಲ್ಲ. ಯಾವ ಬಣ್ಣಕ್ಕೆ ಯಾವ ಬಣ್ಣ ಬೆರೆಸಿದರೆ ಅವಳು ಬರುತ್ತಾಳೆ ಎಂದು ಒಬ್ಬ ಡ್ರಾಯಿಂಗ್ ಮೇಷ್ಟ್ರನ್ನು ಕೇಳುತ್ತಿದ್ದಳು.

"ನನಗೂ ಗೊತ್ತಿಲ್ಲ" ಎಂದಳು. "ನಾನೂ ನಿಮ್ಮ ಬಣ್ಣ ನೋಡಿರ್ಲಿಲ್ಲ ಸಾರ್. ಬೋರ್ಡು ನೋಡ್ಕೊಂಡು ಬಳಿದೆ."

ಒಂದೇ ತಿಂಗಳಲ್ಲಿ ಸುದ್ದಿ ಮೂರು ತಾಲೂಕಿನ ಜೈನರ ಮನೆಗಳಿಗೆಲ್ಲ ಮುಟ್ಟಿತು. ಪದ್ಮರಾಜಯ್ಯನವರದು ಸುಳ್ಳು ಫೋಟೋ ಕಳಿಸುವ ಮನೆ ಎಂದು ಹೆಸರಾಯಿತು. ಫೋಟೋ ಕೇಳಿದ್ದ ಇನ್ನೆರಡು ಮನೆಯವರು ಸುಮ್ಮನಾದರು. ಆ ಹುಡುಗಿಯ ಬದುಕಿನ ಬಾಗಿಲನ್ನು ನಾನೇ ಹತ್ತಿ ಸುತ್ತಿದ ಕಡ್ಡಿಯಲ್ಲಿ ಮುಚ್ಚಿದ್ದೆ. ಸರಿಪಡಿಸುವುದಾದರೆ ನಾನೇ ಸರಿಪಡಿಸಬೇಕಿತ್ತು. ಶೇಟರಿಗೆ ಇನ್ನು ಬರುವುದಿಲ್ಲ ಎಂದು ಹೇಳಿದೆ. ಗಾಜಿನ ಹಿಂದಿನ ಪ್ರತಿಯನ್ನು ಕೇಳಿ ತೆಗೆದುಕೊಂಡೆ. "ಎಲ್ಲ ಕಡೆ ನಡೆಯೋದೇ ಇದು, ನಿಮಗೆಂಥ ಹುಚ್ಚು ಮೇಷ್ಟ್ರೆ?" ಎಂದು ಶೇಟರು ಗೊಣಗಿದರು.

ಹೊಸನಗರಕ್ಕೆ ಹೋಗಿ ಪದ್ಮರಾಜಯ್ಯನವರಿಗೆ ಹೇಳಿದೆ: ಸುನಂದಾ ಹೇಗಿದ್ದಾಳೋ ಹಾಗೆ ನಾನು ತೈಲಬಣ್ಣದಲ್ಲಿ ಬರೆದುಕೊಡುತ್ತೇನೆ. ಫೋಟೋದ ಬದಲು ಇನ್ನು ಅದನ್ನೇ ಕಳಿಸಿ. ಅವರು ಒಪ್ಪಲು ಒಂದು ಇಡೀ ಬೆಳಿಗ್ಗೆ ಬೇಕಾಯಿತು. ಒಪ್ಪಿಸಿದ್ದು ನಾನಲ್ಲ. ಬಾಗಿಲ ಹಿಂದಿನಿಂದ ಸುನಂದಾ, "ಬರೀಲಿ ಅಪ್ಪಾ" ಎಂದಳು. ಅಂಗಡಿಯಿಂದಲೇ ಗಟ್ಟಿ ಕೋರಾ ಬಟ್ಟೆ ಕತ್ತರಿಸಿ ಕೊಟ್ಟರು. ಅದನ್ನು ಚೌಕಟ್ಟಿಗೆ ಬಿಗಿದು, ಜಗಲಿಯಲ್ಲಿ ಭಾನುವಾರ ಭಾನುವಾರ ಕೂತೆವು.

ಹೊಸಬರಿಗೆ ಕೆಲಸದ ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ. ಕಪ್ಪು ಮೈಗೆ ಕಪ್ಪು ಟ್ಯೂಬ್ ಮುಟ್ಟಬೇಡಿ. ನಾನು ಮೊದಲ ಭಾನುವಾರ ಮುಟ್ಟಿದೆ, ಮುಖ ಸತ್ತ ಹಾಗಾಯಿತು. ಕೆರೆದು ತೆಗೆದೆ. ಎರಡನೆಯ ಭಾನುವಾರ ನನ್ನ ಮುಂಗೈಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಹುಟ್ಟಿದಂದಿನಿಂದ ನನ್ನ ಜೊತೆಯಲ್ಲೇ ಇದ್ದ ಕೈ. ಬೆಳಕು ಬಿದ್ದ ಕಡೆ ಅದು ನೀಲಿ. ನೆರಳು ತಿರುಗುವ ಕಡೆ ಸುಟ್ಟ ಕೆಮ್ಮಣ್ಣು. ಗೆಣ್ಣಿನ ಹತ್ತಿರ ನೇರಳೆ. ಮೊಣಕೈ ಹತ್ತಿರ ಒಂದು ಬಗೆಯ ಹಸಿರು. ನಾನು ಕುಂಚ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಇಷ್ಟು ವರ್ಷ ಬಣ್ಣದ ಕೆಲಸ ಮಾಡಿದವನಿಗೆ ಇಷ್ಟೊಂದು ಬಣ್ಣ ತನ್ನ ಮೈಮೇಲೇ ಇದೆಯೆಂದು ತಿಳಿದಿರಲಿಲ್ಲ.

"ಎಂಥ ಆಯ್ತು ಸಾರ್?" ಎಂದಳು ಸುನಂದಾ.

"ನೋಡಿಲ್ಲಿ" ಎಂದು ಕೈ ತೋರಿಸಿದೆ. ಅವಳು ತನ್ನ ಕೈಯನ್ನೂ ಪಕ್ಕದಲ್ಲಿ ಹಿಡಿದಳು. ಅವಳದರಲ್ಲಿ ನೀಲಿ ಕಡಿಮೆ, ತಾಮ್ರ ಹೆಚ್ಚು. ಆಮೇಲೆ ಅವಳೇ ನನಗೆ ಮೇಷ್ಟ್ರಾದಳು. "ಇನ್ನೂ ಕಪ್ಪು ಸಾರ್." "ಹಣೆ ಅಷ್ಟು ಬೆಳಗಲ್ಲ." "ಕತ್ತು ಮುಖಕ್ಕಿಂತ ಗಾಢ, ನೋಡಿ." ಪದ್ಮರಾಜಯ್ಯನವರು ಗಿರಾಕಿ ಇಲ್ಲದ ಹೊತ್ತಿಗೆ ಬಂದು ಬೆನ್ನ ಹಿಂದೆ ನಿಲ್ಲುತ್ತಿದ್ದರು. "ಒಂದೇ ಒಂದು ಮೆಟ್ಟಿಲು ಮೇಷ್ಟ್ರೆ... ಅರ್ಧ?" ಎಂದು ಪಿಸುಗುಟ್ಟುತ್ತಿದ್ದರು. "ಅಂಗಡಿಗೆ ಗಿರಾಕಿ ಬಂದ್ರು ನೋಡಿ" ಎಂದು ಕಳಿಸುತ್ತಿದ್ದೆ.

ಚಿತ್ರ ಮುಗಿದ ದಿನ ಪದ್ಮರಾಜಯ್ಯನವರು ಅದರ ಮುಂದೆ ಬಂದು ನಿಂತರು. "ಇದು ನನ್ನ ಮಗಳು" ಎಂದರು. ಹೊಸದಾಗಿ ತಿಳಿದ ಹಾಗೆ ಹೇಳಿದರು.

ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ. ಯಾರಿಗೂ ಹೇಳದೆ ಬಸ್ಸು ಹತ್ತಿ ಮೇಳಿಗೆಗೆ ಹೋದೆ. ತಪ್ಪು ನನ್ನದು, ಹುಡುಗಿಯ ಮನೆಯವರದಲ್ಲ ಎಂದು ಒಪ್ಪಿಕೊಂಡೆ. ಚಿತ್ರ ಹೇಗಿದೆ ಎಂದು ವಿವರಿಸಿದೆ. ಗಂಟೆಗಟ್ಟಲೆ ಮಾತಾಡಿದೆ. ಸೋದರಮಾವ ಕೊನೆಗೆ ಮೆತ್ತಗಾದರು. ಹುಡುಗನಿಗೆ ಮನಸ್ಸಿದೆಯಂತೆ. ಆದರೆ ಒಂದು ಷರತ್ತು.

"ನಿಮ್ಮ ಫೋಟೋನ ನಾವು ಆಗ್ಲೇ ನೆಂಟರಿಗೆಲ್ಲ ತೋರ್ಸಿ ಆಗಿದೆ ಮಾರಾಯ್ರೆ. ಈಗ ನಮ್ಮ ಮರ್ಯಾದೆ ಎಂಥ ಆಗ್ಬೇಕು? ಮದುವೆ ಫೋಟೋಗೂ ಅದೇ ಬಣ್ಣ ಹಾಕಿ ಕೊಡಿ. ದೂರದವರು ಅಷ್ಟೇ ನೋಡೋದು. ಹತ್ತಿರದವರಿಗೆ ನಾವು ಹೇಳ್ಕೊಳ್ತೀವಿ."

ನನಗೆ ಅದು ಒಳ್ಳೆಯ ವ್ಯಾಪಾರ ಎನ್ನಿಸಿತು. ಒಂದೆರಡು ಫೋಟೋಗೆ ಬಣ್ಣ, ಅದಕ್ಕೆ ಒಂದು ಬದುಕು. ಹಿಗ್ಗುತ್ತಾ ಹೊಸನಗರಕ್ಕೆ ಬಂದು ಹೇಳಿದೆ. ಪದ್ಮರಾಜಯ್ಯನವರು ಬಟ್ಟೆ ಮಡಿಸುತ್ತಿದ್ದರು. ಕೈ ನಿಂತಿತು. ಸುನಂದಾ ನನ್ನನ್ನೇ ನೋಡಿದಳು.

"ನನ್ನನ್ನ ಕೇಳಿ ಹೋಗಿದ್ರಾ ಸಾರ್?"

ಸ್ಟುಡಿಯೋದಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಚೌಕಾಸಿ ಮಾಡಿದ್ದೆ. ಈ ಸಲ ಅವಳನ್ನು ಕೂರಿಸಿಯೂ ಇರಲಿಲ್ಲ.

ಪದ್ಮರಾಜಯ್ಯನವರು ಮೆಲ್ಲಗೆ ಹೇಳಿದರು. "ಬಣ್ಣ ಬಿಡೋ ಬಟ್ಟೆ ಮಾರಿದ್ರೆ ಗಿರಾಕಿ ಒಗೆದ ಮರುದಿನ ವಾಪಸ್ ತರ್ತಾನೆ ಮೇಷ್ಟ್ರೆ. ಬಟ್ಟೆ ಆದ್ರೆ ಬದಲಾಯಿಸಿ ಕೊಡ್ತೀನಿ. ಮಗಳನ್ನ ವಾಪಸ್ ತಂದ್ರೆ ಎಂಥ ಮಾಡ್ಲಿ? ಬೇಡ. ಚಿತ್ರನೇ ಕಳ್ಸೋಣ. ಯಾರಿಗೆ ಬೇಕೋ ಬರ್ಲಿ."

ಒಂದು ಕಾಲಕ್ಕೆ ಮೂರು ಮೆಟ್ಟಿಲು ಕೇಳಿದ ಮನುಷ್ಯ ಈ ಮಾತು ಆಡಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಚಿತ್ರ ಹೊರಟಿತು. ಸುತ್ತಿದ ಬಟ್ಟೆ ಅಂಗಡಿಯದು, ಕಟ್ಟಿದ ದಾರ ನನ್ನದು. ನಂಬಿಕೆಯ ಗಿರಾಕಿಗಳ ಕೈಯಲ್ಲಿ ಒಂದು ಮನೆಗೆ ಹೋಯಿತು, ವಾಪಸ್ ಬಂತು. ಇನ್ನೊಂದು ಮನೆಗೆ ಹೋಯಿತು, ವಾಪಸ್ ಬಂತು. ಒಬ್ಬರು ಬಿಚ್ಚಿಯೂ ನೋಡಿರಲಿಲ್ಲ, ನನ್ನ ಗಂಟು ಹಾಗೇ ಇತ್ತು. ಇನ್ನೊಬ್ಬರು ಇಷ್ಟು ದೊಡ್ಡ ಚಿತ್ರ ಯಾಕೆ, ಪಾಸ್‌ಪೋರ್ಟ್ ಸೈಜು ಸಾಕಿತ್ತು ಎಂದು ಬರೆದಿದ್ದರು. ಪ್ರತಿ ಸಲವೂ ನಾನು ಹೊಸನಗರಕ್ಕೆ ಹೋಗಿ, ಪ್ರಯಾಣದಲ್ಲಿ ತಾಗಿದ ಕಡೆ ಬಣ್ಣ ಮುಟ್ಟಿ ಬರುತ್ತಿದ್ದೆ. ಸುನಂದಾ ಈ ನಡುವೆ ಶಿಕ್ಷಕರ ತರಬೇತಿಗೆ ಅರ್ಜಿ ಹಾಕಿದಳು. "ಚಿತ್ರ ತಿರುಗಾಡ್ತಿರ್ಲಿ ಸಾರ್, ನಾನು ಓದ್ತಿರ್ತೀನಿ" ಎಂದಳು.

ಅಷ್ಟು ಹೊತ್ತಿಗೆ ನನ್ನನ್ನು ತೀರ್ಥಹಳ್ಳಿಗೆ ಹಾಕಿದ್ದರು. ಅಲ್ಲಿನ ಕಪ್ಪು ಹಲಗೆಯ ಮೇಲೆ ನಾನು ಸೂತ್ರ ಬರೆಯಲಿಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ, ಕೈಯ ಪಕ್ಕ ಕೈ ಹಿಡಿದು ನೋಡಿ ಬಣ್ಣ ಬೆರೆಸಿ ಎಂದೆ. "ಮಕ್ಕಳನ್ನ ಕಪ್ಪಗೆ ಬರೆಸ್ತಿದ್ದೀರಂತೆ, ಪೋಷಕರು ಬೇಜಾರು ಮಾಡ್ಕೊಂಡಿದಾರೆ" ಎಂದು ಅಲ್ಲಿನ ಹೆಡ್‌ಮಾಸ್ತರು ಕರೆದು ಹೇಳಿದರು. ಪೋಷಕರನ್ನು ಮಗುವಿನ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೋರಿಸಿ ಎಂದೆ. ಇನ್‌ಸ್ಪೆಕ್ಟರು ಈ ಸಲ ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ನಾನು ಚಿತ್ರಕಾರ ಎಂದು ಹೇಳಿಕೊಳ್ಳುವುದಾದರೆ ಆವತ್ತಿನಿಂದ ಹೇಳಿಕೊಳ್ಳಬೇಕು. ಆಮೇಲೆ ನಾನು ಬರೆದದ್ದೆಲ್ಲ ಮುಖಗಳೇ. ಬಸ್‌ ಕಂಡಕ್ಟರು, ಮೀನು ಮಾರುವವರು, ನಮ್ಮ ಕೇರಿಯ ಅಜ್ಜಿಯರು. ಒಬ್ಬರಿಗೆ ಬೆರೆಸಿದ ಬಣ್ಣ ಇನ್ನೊಬ್ಬರಿಗೆ ಆಗಿ ಬರುವುದಿಲ್ಲ.

ಐದನೆಯ ಸಲ ಚಿತ್ರ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಒಂದು ಮನೆಗೆ ಹೋಯಿತು. ಹುಡುಗ ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ತಿಂಗಳಾದರೂ ವಾಪಸ್ ಬರಲಿಲ್ಲ. ನೀರಿಗೇ ಬಿತ್ತೇನೋ ಎಂದು ನನಗೆ ದಿಗಿಲಾಯಿತು. ಆಮೇಲೆ ಒಂದು ಕಾರ್ಡು ಬಂತು. ಹುಡುಗನ ತಂದೆ ಬರೆದಿದ್ದರು: ನಮ್ಮ ಅಮ್ಮ ಚಿತ್ರವನ್ನು ಗೋಡೆಗೆ ಹಾಕಿಸಿಕೊಂಡಿದ್ದಾರೆ, ಕೊಡಲು ಒಪ್ಪುತ್ತಿಲ್ಲ, ಹೆಣ್ಣು ನೋಡಲು ನಾವು ಯಾವಾಗ ಬರಬಹುದು?

ಪದ್ಮರಾಜಯ್ಯನವರು ಜಗಲಿ ಗುಡಿಸಿರಿ, ಕಾಫಿಪುಡಿ ತರಿಸಿರಿ ಎಂದು ಎದ್ದುಬಿಟ್ಟರು. ಸುನಂದಾ ಕಾರ್ಡನ್ನು ಎರಡು ಸಲ ಓದಿ ಹೇಳಿದಳು.

"ಅವ್ರು ಬರೋದು ಬೇಡ ಅಪ್ಪಾ. ನಾವೇ ಹೋಗೋಣ."

"ಹೆಣ್ಣಿನ ಮನೆಯವರು ಹೋಗೋದಾ? ಎಲ್ಲಾದ್ರೂ ಉಂಟಾ?"

"ಚಿತ್ರ ಅಲ್ಲಿದೆ. ನಾನು ಅದ್ರ ಪಕ್ಕ ನಿಂತ್ಕೊಳ್ತೀನಿ. ನೋಡ್ಲಿ. ನಾನೂ ಹುಡುಗನ್ನ ನೋಡ್ತೀನಿ."

ಆ ಕಾಲದಲ್ಲಿ ಹಾಗೆ ಹೆಣ್ಣು ಹೋದದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಅಪ್ಪ, ಮಗಳು, ನಾನು ಮೂವರೂ ಲಾಂಚಿನಲ್ಲಿ ನೀರು ದಾಟಿದೆವು. ಮನೆ ಹೊಕ್ಕಾಗ ನನ್ನ ಚಿತ್ರ ನಡುಮನೆಯ ಗೋಡೆಯ ಮೇಲೆ ಇತ್ತು. ಹುಡುಗ ಎದ್ದು ನಿಂತು ಕೈಮುಗಿದ. ಸುನಂದಾ ಅವನನ್ನು ನೆಟ್ಟಗೆ ನೋಡಿ ಕೈಮುಗಿದಳು. ಆಮೇಲೆ ಹೇಳಿದ ಹಾಗೆಯೇ ಹೋಗಿ ಚಿತ್ರದ ಪಕ್ಕದಲ್ಲಿ ನಿಂತಳು.

ಹುಡುಗನ ಅಜ್ಜಿ ಗೋಡೆ ಹಿಡಿದುಕೊಂಡು ಎದ್ದರು. ಸುಕ್ಕಿನ ಮುಖ, ಸುನಂದಾಳಿಗಿಂತ ಒಂದು ಪಾಲು ಗಾಢ. ಹತ್ತಿರ ಬಂದರು. ಹುಡುಗಿಯನ್ನು ನೋಡಿದರು, ಚಿತ್ರ ನೋಡಿದರು, ಮತ್ತೆ ಹುಡುಗಿಯನ್ನು ನೋಡಿದರು. ಪದ್ಮರಾಜಯ್ಯನವರು ನನ್ನ ತೋಳು ಹಿಡಿದುಕೊಂಡಿದ್ದರು. ಅಜ್ಜಿ ಸುನಂದಾಳ ಗಲ್ಲವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ ನನ್ನ ಕಡೆ ತಿರುಗಿದರು.

"ಇದನ್ನ ಬರೆದವ್ರು ನೀವಾ?"

"ಹೌದಮ್ಮ."

"ಒಂಚೂರು ಬೆಳ್ಳಗೆ ಮಾಡಿದ್ದೀರಲ್ಲ ಮಾರಾಯ್ರೆ. ಹುಡುಗಿ ಈ ಮನೆಗೆ ಬಂದ್ಮೇಲೆ ಒಂದ್ಸಲ ಬಂದು ಸರಿ ಮಾಡ್ಕೊಟ್ಟು ಹೋಗಿ."

ನಾನು ಗೋಡೆಯ ಹತ್ತಿರ ಹೋದೆ. ಬಗ್ಗಿ ನೋಡಿದೆ. ಎಡಗಣ್ಣಿನ ಕೆಳಗೆ, ಗಲ್ಲದ ಉಬ್ಬಿನ ಮೇಲೆ. ಅಜ್ಜಿ ಹೇಳಿದ್ದು ನಿಜ.